ಸೀಟಿ ಊದದೆ ಸುಮ್ಮನಿರುವುದೂ ಒಂದು ತೀರ್ಪೇ

ನಿನ್ನೆ ರಾತ್ರಿ ಅಮೆರಿಕದ ಸ್ಯಾನ್ ಹೊಸೆಯ ಗೆಳೆಯರೊಬ್ಬರ ಮನೆಯಲ್ಲಿ ಐಸ್ ಹಾಕಿ ಪ್ಲೇಆಫ್ (ನಾಕೌಟ್ ಹಂತದ) ಪಂದ್ಯ ನೋಡುತ್ತಿದ್ದಾಗ, ಕಣ್ಣೆದುರಿಗೇ ನಡೆದ ಒಂದು ಟ್ರಿಪ್ಪಿಂಗ್ ಅನ್ನು, ಅಂದರೆ ಎದುರಾಳಿಯ ಕಾಲಿಗೆ ಅಡ್ಡ ಹಾಕಿ ಕೆಡವಿದ್ದನ್ನು, ರೆಫರಿ ನೋಡಿಯೂ ಬಿಟ್ಟುಬಿಟ್ಟರು. ನಾನು ರೇಗಿದೆ. ಪಕ್ಕದಲ್ಲಿದ್ದ ಗೆಳೆಯ, "ಓವರ್‌ಟೈಮ್‌ನಲ್ಲಿ ಇಂಥದ್ದಕ್ಕೆಲ್ಲ ಪೆನಾಲ್ಟಿ ಕೊಡಬಾರದು ಮಾರಾಯ, ಪಂದ್ಯವನ್ನು ಆಟಗಾರರೇ ತೀರ್ಮಾನಿಸಲಿ" ಎಂದ. ಈ ಮಾತನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಕೇಳಿ ಕೇಳಿ ನನಗೆ ಸಾಕಾಗಿದೆ. ಕೋಲು ಅಡ್ಡ ಹಾಕಿ ಒಬ್ಬನನ್ನು ಕೆಡವಿದ ಆಟಗಾರನಿಗೆ ಪೆನಾಲ್ಟಿ (ಕೆಲವು ನಿಮಿಷ ಅವನನ್ನು ಹೊರಗೆ ಕೂರಿಸಿ, ತಂಡವನ್ನು ಒಬ್ಬ ಕಡಿಮೆಯಾಗಿ ಆಡಿಸುವ ಶಿಕ್ಷೆ) ಸಿಗದಿದ್ದರೆ, ಪಂದ್ಯವನ್ನು ತೀರ್ಮಾನಿಸಿದವರು ಆಟಗಾರರಲ್ಲ, ಸುಮ್ಮನಿದ್ದ ರೆಫರಿಯೇ. ಸೀಟಿ ಊದುವುದು ಹೇಗೆ ಒಂದು ತೀರ್ಪೋ ಊದದಿರುವುದೂ ಹಾಗೆಯೇ ಒಂದು ತೀರ್ಪು.

ಕೊಡಗಿನಲ್ಲಿ ಹುಲ್ಲಿನ ಮೈದಾನದ ಹಾಕಿ ನೋಡುತ್ತಾ ಬೆಳೆದ ನನಗೆ ಈ ಮಂಜುಗಡ್ಡೆಯ ಹಾಕಿ ಹತ್ತಿರವಾದದ್ದು ಇಲ್ಲಿಗೆ ಬಂದ ಮೇಲೆ, ಸ್ಯಾನ್ ಹೊಸೆ ಶಾರ್ಕ್ಸ್ ತಂಡದ ಮೂಲಕ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಪ್ಲೇಆಫ್‌ಗಳ ವೇಗ, ದೈಹಿಕ ಸಾಹಸ, ಏಳು ಪಂದ್ಯಗಳ ಸರಣಿಯ ಕಾವು, ಗೋಲು ಬೀಳುವವರೆಗೂ ಇಪ್ಪತ್ತು ಇಪ್ಪತ್ತು ನಿಮಿಷಗಳ ಅವಧಿಗಳಲ್ಲಿ ಮುಂದುವರಿಯುವ ಓವರ್‌ಟೈಮ್, ಇವೆಲ್ಲ ನನಗೆ ಬಹಳ ಪ್ರಿಯ. ಒಂದೇ ಗೋಲು ಪಂದ್ಯವನ್ನು ಮುಗಿಸುವ ಹೊತ್ತಿನಲ್ಲಿಯೇ ನಿಯಮವನ್ನು ಸಡಿಲಿಸುವುದು ಸರಿಯೆಂದು ಇಷ್ಟು ಜನ ಹೇಗೆ ನಂಬಿದ್ದಾರೆ ಎಂಬುದು ಮಾತ್ರ ನನಗೆ ಅರ್ಥವಾಗಿಲ್ಲ.

ಟೊರಾಂಟೊದ ಅಭಿಮಾನಿಗಳನ್ನು ಕೇಳಿ ನೋಡಿ. 1993ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ವಿರುದ್ಧದ ಸರಣಿಯಲ್ಲಿ ಅವರ ತಂಡ ಮೇಪಲ್ ಲೀಫ್ಸ್ 3-2ರಿಂದ ಮುಂದಿತ್ತು. ಆರನೆಯ ಪಂದ್ಯದ ಓವರ್‌ಟೈಮ್‌ನಲ್ಲಿ ಕಿಂಗ್ಸ್‌ನ ವೇಯ್ನ್ ಗ್ರೆಟ್ಸ್ಕಿಯ ಸ್ಟಿಕ್ ಲೀಫ್ಸ್‌ನ ಡಗ್ ಗಿಲ್ಮೋರ್‌ನ ಗದ್ದಕ್ಕೆ ತಗುಲಿ ರಕ್ತ ಬಂತು. ಆಗ ಒಂದು ಪಂದ್ಯಕ್ಕೆ ಒಬ್ಬರೇ ರೆಫರಿ, ಜೊತೆಗೆ ಇಬ್ಬರು ಲೈನ್ಸ್‌ಮನ್. ರೆಫರಿ ಕೆರ್ರಿ ಫ್ರೇಸರ್ ಅವರಿಗೆ ಘಟನೆ ಸರಿಯಾಗಿ ಕಂಡಿರಲಿಲ್ಲ; ಸಹಾಯಕರಿಂದಲೂ ಖಚಿತ ಉತ್ತರ ಸಿಗಲಿಲ್ಲ. ಪೆನಾಲ್ಟಿ ಇಲ್ಲದೆ ಆಟ ಮುಂದುವರಿಯಿತು. ಸ್ವಲ್ಪ ಹೊತ್ತಿನಲ್ಲೇ ಗೆಲುವಿನ ಗೋಲು ಹೊಡೆದದ್ದು ಅದೇ ಗ್ರೆಟ್ಸ್ಕಿ. ಏಳನೆಯ ಪಂದ್ಯದಲ್ಲಿ ಮೂರು ಗೋಲು ಹೊಡೆದು ಸರಣಿಯನ್ನು ಮುಗಿಸಿದ್ದೂ ಆತನೇ. 1967ರ ನಂತರ ಸ್ಟಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ನರ ಪ್ರಶಸ್ತಿ) ಕಾಣದ ಊರು ಅದನ್ನು ಮರೆಯಬೇಕೆಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ. ಫ್ರೇಸರ್ ಅವರಿಗೆ ಕಾಣಲಿಲ್ಲ, ಅದನ್ನು ಕ್ಷಮಿಸಬಹುದು. ಕಂಡೂ ಬಿಡುವುದನ್ನು ಒಂದು ಸಂಪ್ರದಾಯವನ್ನಾಗಿ ಮಾಡಿಕೊಂಡಿರುವುದೇ ನನ್ನ ತಕರಾರು.

2019ನ್ನೇ ತೆಗೆದುಕೊಳ್ಳಿ. ಫೈನಲ್‌ನ ಐದನೆಯ ಪಂದ್ಯದಲ್ಲಿ ಸೇಂಟ್ ಲೂಯಿಸ್ ಬ್ಲೂಸ್‌ನ ಟೈಲರ್ ಬೋಝಾಕ್ ಬಾಸ್ಟನ್‌ನ ನೋಯೆಲ್ ಅಚ್ಚಾರಿಯನ್ನು ಕಾಲು ತೊಡರಿಸಿ ಕೆಡವಿದ. ಬಾಸ್ಟನ್ ಪ್ರೇಕ್ಷಕರೆಲ್ಲ ಎದ್ದು ಕೂಗುತ್ತಿದ್ದರೂ ಸೀಟಿ ಕೇಳಲಿಲ್ಲ. ಕೆಲವೇ ಕ್ಷಣಗಳಲ್ಲಿ ಡೇವಿಡ್ ಪೆರಾನ್ ಬ್ಲೂಸ್‌ಗೆ ಎರಡನೆಯ ಗೋಲು ತಂದ. ಪಂದ್ಯ ಮುಗಿದದ್ದು 2-1ಕ್ಕೆ. ಎರಡು ನಿಮಿಷ ಹೊರಗೆ ಕೂರಬೇಕಾಗಿದ್ದವನ ತಂಡಕ್ಕೆ ಅದೇ ಘಟನೆಯಿಂದ ಗೋಲು ಸಿಕ್ಕಿತು, ಕೊನೆಗೆ ಕಪ್ಪೂ ಅವರದೇ ಆಯಿತು.

ಇದಕ್ಕೆ ನನ್ನ ಗೆಳೆಯನ ಉತ್ತರ, "ಅದೇ ಬ್ಲೂಸ್‌ಗೆ ಅದಕ್ಕೂ ಮೊದಲು ಅನ್ಯಾಯವಾಗಿತ್ತಲ್ಲ, ಎಲ್ಲ ಕೊನೆಗೆ ಸರಿಹೋಗುತ್ತದೆ" ಎಂದು. ಹೌದು, ಅನ್ಯಾಯವಾಗಿತ್ತು, ಅದೂ ನಮ್ಮ ಶಾರ್ಕ್ಸ್ ಕಡೆಯಿಂದಲೇ. ಹಿಂದಿನ ಸುತ್ತಿನ ಮೂರನೆಯ ಪಂದ್ಯದ ಓವರ್‌ಟೈಮ್‌ನಲ್ಲಿ ನಮ್ಮ ಟೀಮೋ ಮೈಯರ್ ಪಕ್ ಅನ್ನು (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ನಿಯಮಕ್ಕೆ ವಿರುದ್ಧವಾಗಿ ಕೈಯಿಂದ ತಳ್ಳಿದ್ದು ನಮಗೆಲ್ಲ ಕಂಡಿತ್ತು. ಅದರ ಬೆನ್ನಿಗೇ ಎರಿಕ್ ಕಾರ್ಲ್‌ಸನ್ ಗೋಲು ಹೊಡೆದ, ನಾಲ್ವರು ಅಧಿಕಾರಿಗಳು ಗುಂಪುಗೂಡಿ ಮಾತಾಡಿದರು, ಗೋಲು ಗೋಲಾಗಿಯೇ ಉಳಿಯಿತು, ಏಕೆಂದರೆ ಕೈಯ ಪಾಸನ್ನು ವಿಡಿಯೊದಲ್ಲಿ ಪರಿಶೀಲಿಸಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಆದರೆ ಬ್ಲೂಸ್‌ಗೆ ಆದ ಅನ್ಯಾಯದ ಸಾಲವನ್ನು ಬಾಸ್ಟನ್ ಏಕೆ ತೀರಿಸಬೇಕು? ಒಬ್ಬರಿಗೆ ಆದ ಅನ್ಯಾಯ ಇನ್ನೊಬ್ಬರಿಗೆ ಆದ ಅನ್ಯಾಯದಿಂದ ಸರಿಹೋಗುವುದಿಲ್ಲ. ಅನ್ಯಾಯಗಳು ಎರಡಾಗುತ್ತವೆ, ಅಷ್ಟೇ.

ಅದೇ ವರ್ಷದ ಏಪ್ರಿಲ್ 23ರ ರಾತ್ರಿಯ ಬಗ್ಗೆ ಶಾರ್ಕ್ಸ್ ಅಭಿಮಾನಿಗಳು ಯಾರೂ ಬಾಯಿ ಬಿಡುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ವೇಗಸ್ ತಂಡದ ವಿರುದ್ಧ ಏಳನೆಯ ಪಂದ್ಯ, ನಾವು 0-3 ಹಿಂದೆ. ಫೇಸ್‌ಆಫ್ (ಪಕ್ ಬೀಳಿಸಿ ಆಟ ಶುರು ಮಾಡುವುದು) ಆದೊಡನೆ ವೇಗಸ್‌ನ ಕೋಡಿ ಈಕಿನ್ ನಮ್ಮ ನಾಯಕ ಜೋ ಪವೆಲ್ಸ್ಕಿಯ ಎದೆಗೆ ಸ್ಟಿಕ್ ಅಡ್ಡ ಹಿಡಿದು ತಳ್ಳಿದ, ಪಕ್ಕದಲ್ಲಿದ್ದ ಅದೇ ತಂಡದ ಪಾಲ್ ಸ್ಟಾಸ್ನಿಯ ಮೈ ತಾಗಿತು, ಪವೆಲ್ಸ್ಕಿ ತಲೆ ಹೊಡೆದುಕೊಂಡು ಬಿದ್ದ. ಆ ಕ್ಷಣದಲ್ಲಿ ರೆಫರಿಗಳು ಯಾರೂ ಕೈ ಎತ್ತಿರಲಿಲ್ಲ. ಮಂಜಿನ ಮೇಲೆ ರಕ್ತ ಕಂಡ ಮೇಲೆ ಐದು ನಿಮಿಷದ ಮೇಜರ್ ಪೆನಾಲ್ಟಿ ಘೋಷಣೆಯಾಯಿತು. ಎರಡು ನಿಮಿಷದ ಮೈನರ್ ಆಗಿದ್ದರೆ ಒಂದು ಗೋಲಿಗೆ ಮುಗಿದುಹೋಗುತ್ತಿತ್ತು. ಮೇಜರ್‌ನಲ್ಲಿ ಎಷ್ಟು ಗೋಲು ಬಿದ್ದರೂ ಐದು ನಿಮಿಷ ಪೂರ್ತಿ ನಡೆಯಬೇಕು. ನಾವು ನಾಲ್ಕು ಗೋಲು ಹೊಡೆದೆವು, ವೇಗಸ್ ಮತ್ತೆ 4-4 ಮಾಡಿತು, ಓವರ್‌ಟೈಮ್‌ನಲ್ಲಿ ನಮ್ಮ ಬಾರ್ಕ್ಲೇ ಗುಡ್ರೋ 5-4 ಮಾಡಿದ. ಆಮೇಲೆ ಲೀಗ್ ವೇಗಸ್ ತಂಡದ ಕ್ಷಮೆ ಕೇಳಿತು. ಆ ರಾತ್ರಿಯಷ್ಟು ಸಂತೋಷವನ್ನು ಈ ತಂಡ ನನಗೆ ಮತ್ತೆಂದೂ ಕೊಟ್ಟಿಲ್ಲ, ಆದರೂ ಆ ಗೆಲುವು ಪೂರ್ತಿ ನಮ್ಮದೆಂದು ನನ್ನ ಮನಸ್ಸು ಇಂದಿಗೂ ಒಪ್ಪಿಲ್ಲ. ರೋಗ ಅಲ್ಲಿಯೂ ಅದೇ: ಮಾಡಿದ ತಪ್ಪನ್ನು ನೋಡಿ ಕೊಡಬೇಕಾದ ತೀರ್ಪನ್ನು, ಸಂದರ್ಭವನ್ನೂ ಪರಿಣಾಮವನ್ನೂ ನೋಡಿ ಕೊಟ್ಟರು.

ಎಲ್ಲ ಫೌಲ್‌ಗಳನ್ನೂ ಹಿಡಿದರೆ ಪಂದ್ಯ ಪೂರ್ತಿ ಪವರ್ ಪ್ಲೇ (ಪೆನಾಲ್ಟಿಯಿಂದ ಒಬ್ಬ ಕಡಿಮೆಯಾದ ತಂಡದ ವಿರುದ್ಧದ ಆಟ) ಆಗಿಬಿಡುತ್ತದೆ ಎಂಬ ವಾದವೂ ಇದೆ. ಮೊದಲ ದಿನ ಆದೀತು. ಮೂರನೆಯ ಪಂದ್ಯದ ಹೊತ್ತಿಗೆ ಆಟಗಾರರು ತಮ್ಮ ಸ್ಟಿಕ್‌ಗಳನ್ನು ಹಿಡಿತದಲ್ಲಿಟ್ಟುಕೊಳ್ಳಲು ಕಲಿಯುತ್ತಾರೆ, ಏಕೆಂದರೆ ಅವರು ವೃತ್ತಿಪರರು. ಈಗ ಅವರು ಕಲಿತಿರುವುದು ಇದರ ವಿರುದ್ಧದ ಪಾಠ: ಕೊನೆಯ ನಿಮಿಷಗಳಲ್ಲಿ ವೇಗದ ಆಟಗಾರನನ್ನು ಎಳೆದು ಹಿಡಿದರೂ ಯಾರೂ ಕೇಳುವುದಿಲ್ಲ ಎಂದು. ಇದರಿಂದ ನಷ್ಟವಾಗುವುದು ಚೆನ್ನಾಗಿ ಆಡುವವನಿಗೆ.

2019ರ ಆ ಗಲಾಟೆಗಳ ನಂತರ ಲೀಗ್ ನಿಯಮ ತಿದ್ದಿತು. ಹೊಡೆದಾಟಕ್ಕೆ ಕೊಟ್ಟದ್ದನ್ನು ಬಿಟ್ಟು ಉಳಿದ ಮೇಜರ್ ಪೆನಾಲ್ಟಿಗಳನ್ನು ರೆಫರಿಗಳು ವಿಡಿಯೊದಲ್ಲಿ ಮತ್ತೆ ನೋಡಬೇಕು. ಗೋಲಿಗೆ ಮುಂಚಿನ ಕೈಯ ಪಾಸ್‌ನಂಥದ್ದನ್ನು ಕೋಚ್ ಪ್ರಶ್ನಿಸಬಹುದು. ಆದರೆ ಕೊಡದೆ ಬಿಟ್ಟ ಟ್ರಿಪ್ಪಿಂಗ್ ಅನ್ನು ಪ್ರಶ್ನಿಸುವ ದಾರಿ ಇಂದಿಗೂ ಇಲ್ಲ. ನಮ್ಮ ಮೈದಾನದ ಹಾಕಿಯಲ್ಲಿ, ಅಂತರರಾಷ್ಟ್ರೀಯ ಪಂದ್ಯಗಳಲ್ಲಿ, ಅಂಪೈರ್ ಪೆನಾಲ್ಟಿ ಕಾರ್ನರ್ ಕೊಡದಿದ್ದರೆ ಆಟಗಾರರು ವಿಡಿಯೊ ರೆಫರಲ್ (ವಿಡಿಯೊ ನೋಡಿ ಮರುತೀರ್ಪು) ಕೇಳುತ್ತಾರೆ. ತಪ್ಪಾದರೆ ಆ ಅವಕಾಶ ಕಳೆದುಕೊಳ್ಳುತ್ತಾರೆ. ಪ್ಲೇಆಫ್‌ನಲ್ಲಿ ಪ್ರತಿ ತಂಡಕ್ಕೆ ಪಂದ್ಯಕ್ಕೊಂದು ಇಂಥ ಅವಕಾಶ ಕೊಟ್ಟರೆ ಹೋಗುವುದು ಒಂದೆರಡು ನಿಮಿಷ. ಆಫ್‌ಸೈಡ್‌ನಲ್ಲಿ ಸ್ಕೇಟ್ ಗೆರೆ ದಾಟಿತೋ ಇಲ್ಲವೋ ಎಂದು ನೋಡಲು ಅಷ್ಟು ಸಮಯ ಹೇಗೂ ಕೊಡುತ್ತಿದ್ದೇವೆ.

ಒಪ್ಪದವರು ದಯವಿಟ್ಟು ಒಂದೇ ಒಂದು ಪ್ರಶ್ನೆಗೆ ಕೆಳಗೆ ಉತ್ತರ ಬರೆಯಿರಿ: ಪಂದ್ಯದ ಎಷ್ಟನೆಯ ನಿಮಿಷದಿಂದ ಟ್ರಿಪ್ಪಿಂಗ್ ತಪ್ಪಲ್ಲ ಎಂದಾಗುತ್ತದೆ, ಮತ್ತು ಅದು ನಿಯಮಪುಸ್ತಕದ ಯಾವ ಪುಟದಲ್ಲಿದೆ?