ಕ್ಯಾಸ್ಪೇಸ್-3 ಪಟ್ಟಿಯ ಬಗ್ಗೆ ಸ್ಪಷ್ಟನೆ

ಧಾರವಾಡದ ಸಂಶೋಧನಾ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ವೆಸ್ಟರ್ನ್ ಬ್ಲಾಟ್‌ನಲ್ಲಿ ಕ್ಯಾಸ್ಪೇಸ್-3 ಪಟ್ಟಿ ಕಂಡರೆ ಜೀವಕೋಶ ಸಾಯುತ್ತಿದೆ ಎಂದರ್ಥ’ ಎಂಬ ಟಿಪ್ಪಣಿ ಹರಿದಾಡುತ್ತಿದೆ. (ಕ್ಯಾಸ್ಪೇಸ್-3 ಎಂದರೆ ಜೀವಕೋಶದ ಸಾವನ್ನು ನಡೆಸುವ ಒಂದು ಪ್ರೋಟೀನು. ವೆಸ್ಟರ್ನ್ ಬ್ಲಾಟ್ ಎಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯದಿಂದ ಅದನ್ನು ಗೆರೆಯಂತಹ ಪಟ್ಟಿಯಾಗಿ ತೋರಿಸುವ ಪರೀಕ್ಷೆ.) ಅದನ್ನು ಬರೆದು ಹಂಚಿದವನು ನಾನೇ. ಅದು ತಪ್ಪು.

ಸುಮಾರು 35 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಬಳಿ ಕಾಣುವುದು ಈ ಪ್ರೋಟೀನಿನ ನಿಷ್ಕ್ರಿಯ ಪೂರ್ವರೂಪ. ಆರೋಗ್ಯವಾಗಿರುವ ಜೀವಕೋಶದಲ್ಲೂ ಅದು ಇರುತ್ತದೆ. ಸಾವಿನ ಸಂಕೇತ ಬಂದಾಗ ಅದು ತುಂಡಾಗಿ 17 ಮತ್ತು 12 ಕಿಲೋಡಾಲ್ಟನ್ ಆಸುಪಾಸಿನ ಚೂರುಗಳಾಗುತ್ತದೆ. ಪ್ರೋಟೀನು ಸಕ್ರಿಯವಾಗಿದೆ ಎನ್ನಲು ಸಾಕ್ಷಿ ಆ ಚೂರುಗಳೇ. ತುಂಡಾದ ರೂಪವನ್ನಷ್ಟೇ ಗುರುತಿಸುವ ಪ್ರತಿಕಾಯ ಬಳಸಿ. ಪೂರ್ವರೂಪ, ಚೂರು ಎರಡನ್ನೂ ಹಿಡಿಯುವ ಪ್ರತಿಕಾಯವಾದರೆ ಪಟ್ಟಿಯ ಗಾತ್ರವನ್ನು ಮಾರ್ಕರ್ (ಗಾತ್ರ ಮೊದಲೇ ಗೊತ್ತಿರುವ ಪ್ರೋಟೀನುಗಳು) ಜೊತೆ ಹೋಲಿಸಿ.

ಎಂಸಿಎಫ್-7 ಬೆಳೆಸುವವರು ಗಮನಿಸಿ: ಆ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಕ್ಯಾಸ್ಪೇಸ್-3 ಇರುವುದೇ ಇಲ್ಲ. ಪಟ್ಟಿ ಕಾಣದಿದ್ದರೂ ಅವು ಸಾಯುತ್ತಿರಬಹುದು.

ಹಳೆಯ ಟಿಪ್ಪಣಿಯನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ; ಈಗಾಗಲೇ ಕಳುಹಿಸಿದ್ದರೆ ಅವರಿಗೆ ಇದನ್ನೂ ತಲುಪಿಸಿ.