ಮೂರನೇ ಪಿರಿಯಡ್‌ನ ಅಂಗಿ

ಶಾಲೆಗೆ ರಜೆ ಬಂದರೆ ನಮ್ಮ ಮನೆ ಟಿವಿಗೆ ಚಳಿಗಾಲ. ಹೊರಗೆ ಸೆಖೆ, ಒಳಗೆ ಐಸ್ ಹಾಕಿ. ಈ ಸಲವೂ ಅದೇ 1994ರ ಸಿನಿಮಾ ‘ಡಿ2: ದಿ ಮೈಟಿ ಡಕ್ಸ್’. ನಾಲ್ಕನೇ ಸಲ ನೋಡುವಾಗಲೂ ಮಕ್ಕಳು ಕಿರುಚಿದರು. ನಾನೂ ಕಿರುಚಿದೆ, ಕಾರಣ ಬೇರೆ.

ಕಥೆ ಗೊತ್ತೇ ಇದೆಯಲ್ಲ. ಮೊದಲ ಭಾಗದ ಪುಂಡ ಹುಡುಗರು ಈಗ ಅಮೆರಿಕದ ತಂಡ. ಎದುರಾಳಿ ಐಸ್‌ಲ್ಯಾಂಡ್! ಆಗ ಮೂರು ಲಕ್ಷ ಜನವೂ ಇರದ ದೇಶ. ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಸೇರಿದ್ದೇ 1992ರಲ್ಲಿ. ಅಲ್ಲಿಯವರಿಗೆ ಹ್ಯಾಂಡ್‌ಬಾಲ್ ಹುಚ್ಚು. ಆದರೆ ಹೆಸರಿನಲ್ಲೇ ಐಸ್ ಇದೆ ಅಲ್ವಾ, ಕರಿ ಅಂಗಿ ತೊಡಿಸಿ ರಾಕ್ಷಸರನ್ನಾಗಿ ಮಾಡಿಬಿಟ್ಟರು. ಈ ಲೆಕ್ಕದಲ್ಲಿ ಉಪ್ಪಿನಂಗಡಿಯವರು ಜಗತ್ತಿನ ಉಪ್ಪಿಗೆಲ್ಲ ಒಡೆಯರು. ರಷ್ಯಾ ಖಳನಾಗೋಣವೆಂದರೆ ಸೋವಿಯತ್ ಒಕ್ಕೂಟವೇ ಮುಳುಗಿತ್ತು. ಕೆನಡಾದಲ್ಲಿ ಟಿಕೆಟ್ ಮಾರಬೇಕು. ಐಸ್‌ಲ್ಯಾಂಡ್ ಮುನಿಸಿಕೊಂಡರೆ ಗಲ್ಲಾಪೆಟ್ಟಿಗೆಗೆ ಎಷ್ಟು ನಷ್ಟ? ಅವರ ಕೋಚ್‌ಗೆ ‘ಡೆಂಟಿಸ್ಟ್’ ಎಂದು ಅಡ್ಡಹೆಸರು. ಆ ಪಾತ್ರವೂ ಡೆನ್ಮಾರ್ಕ್ ನಟನ ಪಾಲಾಯಿತು. ಪಾಪ, ಸ್ಥಳೀಯರಿಗೆ ಖಳನ ಕೆಲಸವೂ ಸಿಗಲಿಲ್ಲ.

ನೀತಿಪಾಠ ಬೇರೆ ಇದೆ. ಪ್ರಾಯೋಜಕರ ದುಡ್ಡು ಕಂಡು ನಮ್ಮ ಹುಡುಗರ ಕೋಚ್ ಗಾರ್ಡನ್ ಬಾಂಬೆ ಎಂಬಾತನಿಗೆ ತಲೆ ತಿರುಗುತ್ತದೆ. ಕಡಲ ತಡಿಯ ಮನೆ, ಹಿಂದಕ್ಕೆ ಬಾಚಿದ ಕೂದಲು. ಆಮೇಲೆ ಬುದ್ಧಿ ಬರುತ್ತದೆ. ದುಡ್ಡಿಗಿಂತ ಆಟ ದೊಡ್ಡದು. ಆಹಾ, ನನ್ನ ಕಣ್ಣಲ್ಲೂ ನೀರು!

ಆ ನೀರು ಆರುವ ಮೊದಲೇ ಫೈನಲ್‌ನ ಮೂರನೇ ಪಿರಿಯಡ್, ಅಂದರೆ ಆಟದ ಕೊನೆಯ ಭಾಗ. ಹುಡುಗರು ದೇಶದ ಅಂಗಿ ಕಳಚಿ ತಮ್ಮ ಡಕ್ಸ್ ತಂಡದ ಬಾತುಕೋಳಿ ಅಂಗಿ ತೊಟ್ಟು ಬರುತ್ತಾರೆ. ಯಾವ ರೆಫರಿಯೂ ತಡೆಯುವುದಿಲ್ಲ. ತಡೆಯೋದು ಹೇಗೆ? ಸಿನಿಮಾ ಡಿಸ್ನಿಯದು. ಐದು ಕೋಟಿ ಡಾಲರ್ ಶುಲ್ಕ ಕಟ್ಟಿ, 1993ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ಗೆ ‘ಮೈಟಿ ಡಕ್ಸ್ ಆಫ್ ಅನಾಹೈಮ್’ ಎಂಬ ನಿಜವಾದ ತಂಡ ಇಳಿಸಿದ್ದೂ ಅದೇ ಡಿಸ್ನಿ. ಫೈನಲ್ ಚಿತ್ರೀಕರಣ ಕೂಡ ಆ ತಂಡದ ಕ್ರೀಡಾಂಗಣದಲ್ಲೇ. ಮಗಳ ಮದುವೆಗೆ ಕರೆದು, ಊಟದ ಪಂಕ್ತಿಯಲ್ಲಿ ತಮ್ಮದೇ ಸಾರಿನ ಪುಡಿ ಮಾರಿದ ಹಾಗೆ.

ಮಾರಲಿ, ಬೇಡ ಅಂದವರು ಯಾರು? ಆದರೆ ದುಡ್ಡಿನ ಆಸೆ ಕೆಟ್ಟದ್ದು ಅಂತ ಎಂಟು ವರ್ಷದ ಮಗುವಿಗೆ ಹೇಳಿ, ಹತ್ತು ನಿಮಿಷದಲ್ಲಿ ಅದೇ ಮಗುವಿಗೆ ಅಂಗಿಯ ಆಸೆ ಹುಟ್ಟಿಸೋದು ಇದೆಯಲ್ಲ, ಅದನ್ನು ನೋಡಿ ನನಗೆ ನಗು ಬರುವುದಿಲ್ಲ. ನಂಬುವವರು ಮಕ್ಕಳು. ಅವರ ನಂಬಿಕೆಗೂ ಬೆಲೆಚೀಟಿ ಅಂಟಿಸಬೇಕಾ?

ಮುಂದಿನದು ನಾನು ಕಟ್ಟಿದ್ದಲ್ಲ. ಡಿಸ್ನಿ 2005ರಲ್ಲಿ ತಂಡವನ್ನೇ ಮಾರಿತು. ಹೊಸ ಮಾಲೀಕರು 2006ರಲ್ಲಿ ಹೆಸರಿನಿಂದ ‘ಮೈಟಿ’ ತೆಗೆದರು. 2007ರಲ್ಲಿ ಎನ್‌ಎಚ್‌ಎಲ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಬಂತು. 2021ರಲ್ಲಿ ಡಿಸ್ನಿಯವರು ಮತ್ತೆ ಆಸೆಯಾಗಿ ವೆಬ್ ಸರಣಿ ಮಾಡಿದರು. ಅದರಲ್ಲಿ ಡಕ್ಸ್ ತಂಡವೇ ಸೊಕ್ಕಿನ ಖಳ! 2023ರಲ್ಲಿ ಆ ಸರಣಿಯನ್ನು ತಮ್ಮದೇ ಆ್ಯಪ್‌ನಿಂದ ಸುಮ್ನೆ ಕಿತ್ತುಹಾಕಿದರು.

ಸಿನಿಮಾ ಮುಗಿಯಿತು. ಮನೆಯ ಕಿರಿಯವನು ಅಂಗಿ ಬೇಕು ಎಂದ. ಬಂತಪ್ಪ ಖರ್ಚು ಅಂದುಕೊಂಡು ಯಾವುದು ಅಂತ ಕೇಳಿದೆ.

‘ಐಸ್‌ಲ್ಯಾಂಡ್‌ದು. ಕರಿದು.’