ಹತ್ತಕ್ಕೆ ನಾಲ್ಕು

ಮೌಲ್ಯಮಾಪನ ಮುಗಿಸಿ ಈಗಷ್ಟೇ ಮನೆಗೆ ಬಂದೆ. ತಲೆ ಕೆಟ್ಟು ಹೋಗಿದೆ. ಇಲ್ಲೇ ಕಾರಿಕೊಳ್ತೀನಿ, ಸಹಿಸಿಕೊಳ್ಳಿ.

ಪ್ರಶ್ನೆ: ‘ವಿಮರ್ಶಾತ್ಮಕ ಚಿಂತನೆಯ ಲಕ್ಷಣಗಳನ್ನು ವಿವರಿಸಿ.’ 10 ಅಂಕ. ಒಂದು ಬಂಡಲ್‌ನಲ್ಲಿ 40 ಪತ್ರಿಕೆ. ಮೂವತ್ತಕ್ಕೂ ಹೆಚ್ಚು ಮಕ್ಕಳದ್ದು ಒಂದೇ ಉತ್ತರ, ಅದೇ ಕ್ರಮ. ಮೂರನೇ ಪಾಯಿಂಟು ‘ಪೂರ್ವಗ್ರಹಣದಿಂದ ಮುಕ್ತವಾಗಿರುವುದು’. ಪೂರ್ವಗ್ರಹ ಅಲ್ಲ ಸ್ವಾಮಿ, ಪೂರ್ವಗ್ರಹಣ! ಗೈಡಿನ ಅಚ್ಚಿನ ತಪ್ಪು. ಗ್ರಹಣ ಬಿಟ್ಟ ಮೇಲೆ ತಲೆಗೆ ಸ್ನಾನ ಮಾಡಿ ಆಮೇಲೆ ಯೋಚನೆ ಶುರು ಮಾಡಬೇಕೇನೋ. ಇದ್ಯಾವ ಗ್ರಹಣ ಅಂತ ಒಬ್ಬರಿಗೂ ಅನುಮಾನ ಬಂದಿಲ್ಲ.

ಏಳನೇ ಪಾಯಿಂಟಲ್ಲಿ ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿ ಸತ್ಯ ಸಾಯಿಬಾಬಾ ಅವರಿಗೇ ಪತ್ರ ಬರೆದ ಮನುಷ್ಯ. ಆ ಮೇಷ್ಟ್ರೂ ಈಗ ಬಾಯಿಪಾಠ. ಯಾವ ಪಾಯಿಂಟಿಗೆ ಎಷ್ಟು ಅಂಕ ಅಂತ ನಮಗೆ ಕೊಡೋ ಸ್ಕೀಮಿನ ಪ್ರಕಾರ ಇಸವಿ ಸರಿಯಿದ್ದರೆ 1 ಅಂಕ.

ನಡುವೆ ಒಂದು ಪತ್ರಿಕೆ ಸಿಕ್ಕಿತು. ಲಕ್ಷಣ ಗಿಕ್ಷಣ ಏನೂ ಇಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ತಮ್ಮ ಹೊಲಕ್ಕೆ ಬಂದ ಕತೆ. ಅವರು ತೋರಿಸಿದ ಮೂರು ಕಡೆ ಬೋರ್ ಕೊರೆಸಿದರಂತೆ, ಒಂದರಲ್ಲಿ ನೀರು. ‘ಊರವರು ಆ ಒಂದರ ಬಗ್ಗೆಯೇ ಮಾತಾಡುತ್ತಾರೆ. ಅಪ್ಪ ಮೂರರ ಸಾಲವನ್ನೂ ತೀರಿಸುತ್ತಿದ್ದಾರೆ. ಕಾಯಿ ಇಲ್ಲದೆ ಸುಮ್ಮನೆ ಮೂರು ಕಡೆ ಕೊರೆಸಿದ್ದರೆ ಎಷ್ಟರಲ್ಲಿ ನೀರು ಬರುತ್ತಿತ್ತು ಎಂದು ಗೊತ್ತಾಗದೆ ಕಾಯಿಯನ್ನು ಹೊಗಳುವುದು ಹೇಗೆ?’

ಪೆನ್ನು ಕೆಳಗಿಟ್ಟು ಎರಡು ಸಲ ಓದಿದೆ. ಇಪ್ಪತ್ತೆರಡು ವರ್ಷ ಕಾಕತಾಳೀಯ ಅಂದರೇನು ಅಂತ ಪಾಠ ಮಾಡಿದ್ದೀನಿ. ಒಂದು ದಿನವೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಪಕ್ಕದಲ್ಲಿದ್ದವರಿಗೆ ತೋರಿಸಿದರೆ, ‘ಚೆನ್ನಾಗಿದೆ ಸಾರ್, ಆದ್ರೆ ಸ್ಕೀಮಲ್ಲಿ ಇಲ್ವಲ್ಲ? ಸಾವಿರಾರು ಪತ್ರಿಕೆ. ಒಬ್ರು ಎಂಟು, ಇನ್ನೊಬ್ರು ಎರಡು ಹಾಕಿದ್ರೆ ನಾಳೆ ಮರುಮೌಲ್ಯಮಾಪನದಲ್ಲಿ ಉತ್ತರ ಹೇಳೋರ್ಯಾರು?’ ಅಂದರು. ಒಪ್ಪಿದೆ, ಅಳತೆಗೋಲು ಬೇಕು. ಆದರೆ ‘ಸ್ವಂತ ಉದಾಹರಣೆಗೆ 3 ಅಂಕ’ ಅಂತ ಅದೇ ಸ್ಕೀಮಿನಲ್ಲಿ ಒಂದು ಸಾಲು ಸೇರಿಸೋಕೆ ಯಾವ ದೊಣೆನಾಯಕನ ಅಪ್ಪಣೆ ಬೇಕಿತ್ತು? ಗ್ರಹಣದವರಿಗೆಲ್ಲ ಎಂಟೆಂಟು ಬಿದ್ದಿದೆ, ಗೊತ್ತಾ?

ಇಷ್ಟೆಲ್ಲ ಕೂಗಾಡಿ ಈಗ ಯಾಕೆ ಮುಚ್ಚಿಡಲಿ. ಆ ಸ್ಕೀಮ್ ಮಾಡಲು ಕೂತ ಮೂವರಲ್ಲಿ ನಾನೂ ಒಬ್ಬ. ಅವತ್ತು ಊಟದ ಹೊತ್ತು ಮೀರಿತ್ತು, ಗೈಡ್ ಎದುರಿಗಿತ್ತು, ನೋಡಿಕೊಂಡು ಬರೆದು ಸಹಿ ಹಾಕಿ ಎದ್ದೆವು. ಇವತ್ತು ತೆಂಗಿನಕಾಯಿ ಪತ್ರಿಕೆಗೆ ನಾಲ್ಕು ಕೊಟ್ಟು ಬಂಡಲ್ ಕಟ್ಟಿದ್ದೂ ನಾನೇ.